ಬೇಕಾದದ್ದು ದೊಡ್ಡ ಯಂತ್ರವೋ, ಐದು ವಾರದ ಕೂಲಿಯೋ?



ಗರ್ಭಕೋಶದ ಕ್ಯಾನ್ಸರಿಗೆ ಆಪರೇಷನ್ ಆದ ತಾಯಂದಿರ ಮನೆಗೆ ಈಗ ಹೊಸ ಮಾತೊಂದು ಬಂದಿದೆ: "ಸಾಧಾರಣ ಕರೆಂಟ್ ಬೇಡ, ಪ್ರೋಟಾನ್ ಕೊಡಿಸಿ." ಇದನ್ನು ಕೇಳಿದ ಗಂಡ ಪಿ.ಎಫ್. ಹಣ ಬಿಡಿಸಲು ಓಡುತ್ತಾನೆ, ಮಗ ಬಡ್ಡಿ ಸಾಲ ಹುಡುಕುತ್ತಾನೆ, ಸಭೆಯಲ್ಲಿ ಕಾಣಿಕೆ ಎತ್ತುತ್ತಾರೆ. ಕಾಣಿಕೆ ಹಾಕುವ ಕೈಯನ್ನು ನಾವು ದೂರುವುದಿಲ್ಲ. ಆದರೆ ಆ ಮಾತನ್ನು ಪರೀಕ್ಷಿಸದೆ ನಂಬಬಾರದು.

ಪ್ರೋಟಾನ್ ಸುಳ್ಳಲ್ಲ. ಸಾಧಾರಣ ಎಕ್ಸ್‌ರೇ ಕಿರಣ ದೇಹವನ್ನು ತೂರಿ ಆಚೆಗೆ ಹೋಗುತ್ತದೆ. ಪ್ರೋಟಾನ್ ಕಣ ಗೊತ್ತುಮಾಡಿದ ಆಳದಲ್ಲಿ ತನ್ನ ಬಲ ಸುರಿದು ನಿಲ್ಲುತ್ತದೆ. ಗರ್ಭಕೋಶ ತೆಗೆದಾಗ ಆ ಜಾಗಕ್ಕೆ ಕರುಳು ಇಳಿಯುತ್ತದೆ, ಕಿರಣದ ಪೆಟ್ಟು ಅದಕ್ಕೂ ತಗಲುತ್ತದೆ. ಭೇದಿ, ಹೊಟ್ಟೆನೋವು ಬರುವುದು ಹೀಗೆ. ಕಕ್ಕಸು ಇಲ್ಲದ ಟೀ ಕಾಡಿನಲ್ಲಿ ದಿನವಿಡೀ ಸೊಪ್ಪು ಕೀಳುವವಳಿಗೆ ಇದು ಸಣ್ಣ ತೊಂದರೆಯಲ್ಲ, ಮಾನದ ಪ್ರಶ್ನೆ.

ಆದರೆ ಕರುಳನ್ನು ಉಳಿಸಲು ಪ್ರೋಟಾನೇ ಬೇಕೆ? ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಗರ್ಭಕಂಠದ ಕ್ಯಾನ್ಸರಿಗೆ ಆಪರೇಷನ್ ಆದ 300 ಹೆಂಗಸರನ್ನು ಎರಡು ಪಾಲು ಮಾಡಿ ನೋಡಿದರು, 2021ರಲ್ಲಿ ಫಲ ಪ್ರಕಟಿಸಿದರು. ಹಳೆಯ ಕ್ರಮದ ಎಕ್ಸ್‌ರೇ ಚಿಕಿತ್ಸೆಯಲ್ಲಿ ಮೂರು ವರ್ಷದೊಳಗೆ ನೂರಕ್ಕೆ 42 ಮಂದಿಗೆ ಗಮನಿಸಬೇಕಾದಷ್ಟು ಕರುಳಿನ ಕಾಯಿಲೆ ಬಂತು. ಐ.ಎಂ.ಆರ್.ಟಿ. ಎಂಬ ಕ್ರಮದಲ್ಲಿ, ದಿನವೂ ಚಿತ್ರ ತೆಗೆದು ಗುರಿಯಿಟ್ಟು ಕೊಟ್ಟಾಗ, ಅದು 21ಕ್ಕೆ ಇಳಿಯಿತು. ಕ್ಯಾನ್ಸರ್ ಹತೋಟಿಯಲ್ಲಿ ಎರಡೂ ಒಂದೇ. ಇದಕ್ಕೆ ಪ್ರೋಟಾನ್ ಬೇಕಾಗಲಿಲ್ಲ. ಆಪರೇಷನ್ ನಂತರದ ಪ್ರೋಟಾನಿಗೋ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆದ ಪರೀಕ್ಷೆ 25 ಹೆಂಗಸರದ್ದು. ಅಷ್ಟರಿಂದ ಅದೇ ಮೇಲೆಂದು ತೀರ್ಪು ಕೊಡಲಾಗದು.

ಚೆನ್ನೈಯ ಖಾಸಗಿ ಆಸ್ಪತ್ರೆಯಲ್ಲಿ 2019ರಿಂದ ಪ್ರೋಟಾನ್ ಇದೆ. ಖರ್ಚು ಹಲವು ಲಕ್ಷ. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಸಂಸ್ಥೆಯೂ 2023ರಲ್ಲಿ ಆರಂಭಿಸಿತು. ಒಮ್ಮೆ ಕಿರಣ ಕೊಟ್ಟ ಜಾಗಕ್ಕೆ ಮತ್ತೆ ಕೊಡಬೇಕಾದಂಥ ಕಷ್ಟದ ಸಂದರ್ಭದಲ್ಲಿ ವೈದ್ಯರೇ ಪ್ರೋಟಾನ್ ಹೇಳಿದರೆ ಕೇಳೋಣ, ಸರ್ಕಾರದ ಖರ್ಚಿನಲ್ಲಿ ಕೇಳೋಣ. ಆದರೆ ಅದು ಸಿಗದೆ ನಮ್ಮ ತಾಯಂದಿರು ಸಾಯುತ್ತಿದ್ದಾರೆಂಬುದು ಸುಳ್ಳು.

ಅವರನ್ನು ಸೋಲಿಸುವುದು ಬೇರೆ. ಈ ಚಿಕಿತ್ಸೆ ಸಾಮಾನ್ಯವಾಗಿ 25ರಿಂದ 28 ಸಲ, ವಾರಕ್ಕೆ ಐದು ದಿನ, ಐದು ವಾರ ಅಥವಾ ತುಸು ಹೆಚ್ಚು. ನೀಲಗಿರಿಯ ಅನೇಕರು ಕೊಯಮತ್ತೂರಿಗೆ, ವಯನಾಡಿನ ಅನೇಕರು ಕೋಳಿಕ್ಕೋಡಿಗೋ ತಲಶ್ಶೇರಿಗೋ ಇಳಿಯಬೇಕಾಗುತ್ತದೆ. ಸರ್ಕಾರದ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟೀತು. ಹಾಜರಿ ಪುಸ್ತಕದಲ್ಲಿ ಬಿದ್ದ ಗೈರುಹಾಜರಿಗೆ ಕೂಲಿ ಕಟ್ಟುವುದಿಲ್ಲ. ಹತ್ತು ದಿನ ಹೋಗಿ, ಕೈ ಬರಿದಾಗಿ, ಬುಟ್ಟಿ ಹೊತ್ತು ಮರಳಿದವಳ ದೇಹದಲ್ಲಿ ಉಳಿದ ಕ್ಯಾನ್ಸರ್ ಮತ್ತೆ ತಲೆಯೆತ್ತಬಹುದು. ನಡುವೆ ನಿಂತ ಚಿಕಿತ್ಸೆ ಪೂರಾ ಫಲ ಕೊಡದು.

ಕಾಯಿಲೆ ಬಿದ್ದವರಿಗೆ ವೈದ್ಯ ಸೌಕರ್ಯವೂ ಭತ್ಯೆಯೂ ಧರ್ಮವಲ್ಲ, ಹಕ್ಕು ಎಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಸ್ಥಾನಕ್ಕೆ ಬಂದಿದೆ. ಕಾಯಿದೆಯ ಹೆಸರು ಬದಲಾಯಿತೆಂದು ಆ ಹಕ್ಕನ್ನು ಬಿಟ್ಟುಕೊಡಲಾರೆವು. ಕಾಣಿಕೆ ಪಟ್ಟಿಗೆ ಐನೂರು ರೂಪಾಯಿ ಬರೆದು, ಐದು ವಾರದ ರಜೆ ಕೇಳಿದರೆ ಮುಖ ತಿರುಗಿಸುವ ದೊರೆಗಳಿಗೆ ನಾವು ಹೇಳುವುದಿಷ್ಟೆ: ನಿಮ್ಮ ದಾನ ಬೇಡ, ನಮ್ಮ ಬಾಕಿ ಕೊಡಿ.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದು ಬರಿಗೈಯಾದ ಸ್ತ್ರೀಯ ಸಂಗತಿ ಸುವಾರ್ತೆಯಲ್ಲಿದೆ. ದೊಡ್ಡ ಅಧಿಕಾರಿಯ ಮನೆಗೆ ಹೊರಟಿದ್ದ ಕರ್ತನು ಆಕೆಗೋಸ್ಕರ ದಾರಿಯಲ್ಲಿ ನಿಂತನು. ಸಭೆಯೂ ಸಂಘವೂ ಹಾಗೆ ನಿಲ್ಲಲಿ.

ಆದ್ದರಿಂದ ಮುಂದಿನ ಮಾತುಕತೆಯಲ್ಲಿ ಸಂಘ ಮೂರನ್ನು ಕೇಳಲಿ: ಚಿಕಿತ್ಸೆ ಮುಗಿಯುವವರೆಗೆ ಕೂಲಿಸಹಿತ ರಜೆ, ರೋಗಿಗೂ ಜೊತೆಯವರಿಗೂ ಬಸ್ಸು ಮತ್ತು ತಂಗುವ ಖರ್ಚು, ಮರಳಿದ ಮೇಲೆ ಕಕ್ಕಸು ಹತ್ತಿರವಿರುವ ಹಗುರ ಕೆಲಸ. ಮನೆಯವರು ಆಸ್ಪತ್ರೆಯಲ್ಲಿ ಒಂದು ಕೇಳಲಿ: "ಐ.ಎಂ.ಆರ್.ಟಿ. ಇಲ್ಲಿ ಇದೆಯೇ? ಇವಳಿಗೆ ಆಗುತ್ತದೆಯೇ?" ಕಾಣಿಕೆ ಎತ್ತುವುದಾದರೆ, ಅವಳು ಒಂದು ದಿನವೂ ತಪ್ಪಿಸದೆ ಚಿಕಿತ್ಸೆ ಮುಗಿಸಲೆಂದು ಎತ್ತೋಣ.