ಚೀಲದಲ್ಲಿ ಕಟ್ಟಿ ಕಾಡಿಗೆ ಬಿಡಬೇಡಿ



ದಾಂಡೇಲಿ, ಜೋಯಿಡಾ ಕಡೆಯ ಹಂಚಿನ ಮನೆಗಳಿಗೆ ಬೀದಿ ಬೆಕ್ಕಿನ ಕಾಟ ಹೊಸದಲ್ಲ. ಅಟ್ಟದ ಮೇಲೆ ಮರಿ ಹಾಕುತ್ತದೆ, ಹಾಲಿನ ಪಾತ್ರೆಗೆ ಬಾಯಿ ಹಾಕುತ್ತದೆ, ರಾತ್ರಿಯಾದರೆ ಮಾಡಿನ ಮೇಲೆ ಜಗಳ. ಬೇಸತ್ತವರು ಚೀಲದಲ್ಲಿ ಕಟ್ಟಿ, ಬೈಕಿನಲ್ಲಿ ಒಯ್ದು ಕಾಡಂಚಿಗೆ ಬಿಟ್ಟು ಬರುವುದುಂಟು.

ಆ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮನೆಯ ಎಂಜಲು ತಿಂದು ಬೆಳೆದ ಬೆಕ್ಕು ಅಲ್ಲಿ ಹಸಿವಿಗೋ ಚಿರತೆಗೋ ಬಲಿ; ಬದುಕಿದರೆ ಹಕ್ಕಿಗಳಿಗೆ ಕುತ್ತು, ಕಾಡುಬೆಕ್ಕುಗಳಿಗೆ ರೋಗದ ಭಯ. ವಿಷವಿಡುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು.

ಮುಸುರೆ ಬಕೆಟ್ಟಿಗೆ ಮುಚ್ಚಳ ಹಾಕಿ, ಮೀನು ಕೊಯ್ದ ಜಾಗ ಆಗಲೇ ತೊಳೆದರೆ ಅರ್ಧ ಕಾಟ ಕಡಿಮೆ. ಹಂಚಿನ ಸಂದಿಗೆ ತಂತಿ ಬಲೆ ಹೊಡೆಯಬಹುದು. ಆದರೆ ಮೊದಲು ಅಟ್ಟ ಹತ್ತಿ ನೋಡಬೇಕು: ಮರಿಗಳಿದ್ದರೆ ಹಾಲು ಬಿಡುವ ತನಕ, ಅಂದರೆ ಸುಮಾರು 2 ತಿಂಗಳು, ಕಾಯಲೇಬೇಕು. ಹೂಕುಂಡ ಕೆದಕಿ ಹೇಸಿಗೆ ಮಾಡಿದರೆ ಮಣ್ಣಿನ ಮೇಲೆ ಕಿತ್ತಳೆ ಸಿಪ್ಪೆ ಹರಡಿ; ಆ ವಾಸನೆ ಹೆಚ್ಚಿನ ಬೆಕ್ಕುಗಳಿಗೆ ಆಗದು. ನುಸಿಗುಳಿಗೆ ಬೇಡ, ಅದು ವಿಷ. ಪರಚಿದರೆ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಹಾಗೆಂದು ಬೆಕ್ಕೇ ಬೇಡವೆನ್ನುವಂತಿಲ್ಲ. ಹಳಿಯಾಳ, ಮುಂಡಗೋಡದ ಭತ್ತದ ಚೀಲಗಳನ್ನು ಇಲಿಯಿಂದ ಕಾಯುವವರು ಮತ್ಯಾರು?

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಿ, ಸುಮಾರು 65 ದಿನಕ್ಕೆ ಈಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯೇ ನಿಜವಾದ ಮದ್ದು. ನಾಲ್ಕೂ ತಾಲ್ಲೂಕುಗಳ ಪಶು ಆಸ್ಪತ್ರೆಗಳು ಇದಕ್ಕೊಂದು ದಿನ ಗೊತ್ತು ಮಾಡಲಿ. ಸ್ಥಳೀಯ ಸಂಸ್ಥೆಗಳು ಹಿಡಿಯಲು ಬೋನು ಎರವಲು ಕೊಡಲಿ.

– ಓದುಗ, ಹಳಿಯಾಳ