ಮನೆ ಬರೆದುಕೊಡಬೇಡಿ, ಉಯಿಲು ಬರೆದಿಡಿ

ಅರವತ್ತು ದಾಟಿದ ಯಜಮಾನರೇ, ನಾಳೆ ನೀವಿಲ್ಲದಿದ್ದರೆ ನಿಮ್ಮ ಮನೆಯಾಕೆ ಯಾರ ಮನೆಯಲ್ಲಿ ಇರುತ್ತಾರೆ? “ನನ್ನ ಮನೆಯಲ್ಲೇ, ಇನ್ನೆಲ್ಲಿ?” ಎನ್ನುತ್ತೀರಿ. ಸರಿ, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ?

ಉಯಿಲಿನ ಮಾತೆತ್ತಿದರೆ ಸಾಕು, “ಬಿಡ್ತು ಅನ್ನಿ” ಎಂದು ಮನೆಮಂದಿ ಬಾಯಿ ಮುಚ್ಚಿಸುತ್ತಾರೆ. ಮಗಳು ಹುಟ್ಟಿದ ವರ್ಷದಿಂದಲೇ ಅವಳ ಮದುವೆಗೆ ಚಿನ್ನ ಕೂಡಿಡುವ ನಾವು, ತಪ್ಪದೆ ಬರುವ ಸಾವಿಗಾಗಿ ಒಂದು ಹಾಳೆ ಬರೆಯುವುದಿಲ್ಲ. “ನಮ್ಮ ಮಕ್ಕಳು ಅಂಥವರಲ್ಲ” ಎಂಬ ನಂಬಿಕೆ ಬೇರೆ. ಪಾಲಿನ ದಾವೆ ಹೂಡಿ ಕೋರ್ಟಿನ ಕಟ್ಟೆ ಸವೆಸುತ್ತಿರುವ ಅಣ್ಣತಮ್ಮಂದಿರ ಅಪ್ಪನೂ ಹೀಗೇ ಹೇಳಿಕೊಂಡಿದ್ದ.

ನೀವು ಬರೆಯದೇ ಹೋದರೆ ಕಾನೂನು ಬರೆಯುತ್ತದೆ. ಹಿಂದೂ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ, ಆತನ ಸ್ವಯಾರ್ಜಿತ ಆಸ್ತಿ ಹೆಂಡತಿಗೂ ಮಕ್ಕಳಿಗೂ, ತಾಯಿ ಬದುಕಿದ್ದರೆ ಆಕೆಗೂ ಸಮಪಾಲಾಗಿ ಹೋಗುತ್ತದೆ. ತಾಯಿ ಇಲ್ಲದೆ ಮಕ್ಕಳು ಮೂವರಿದ್ದರೆ ಹೆಂಡತಿಗೆ ನಾಲ್ಕರಲ್ಲಿ ಒಂದು ಪಾಲು. ಬಳೆ ಅಡವಿಟ್ಟು ಆ ಮನೆಗೆ ತಾರಸಿ ಹಾಕಿಸಿದವಳು ಉಳಿದ ಮುಕ್ಕಾಲು ಭಾಗದಲ್ಲಿ ಮಕ್ಕಳ ಮರ್ಜಿ ಕಾಯಬೇಕು. ಎಫ್‌ಡಿಗೆ ನಾಮಿನಿ ಮಾಡಿದ್ದೇನೆ ಎಂದು ನೀವು ನಿಶ್ಚಿಂತರಾಗಿರಬಹುದು. ಆದರೆ ನಾಮಿನಿ ಹಣವನ್ನು ಪಡೆದುಕೊಳ್ಳಬಹುದು ಅಷ್ಟೆ, ಅದರ ಒಡೆತನ ವಾರಸುದಾರರದೇ. ಜಮೀನಿನ ಪಾಡೂ ಅಷ್ಟೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಸಾಲವೂ ಸಿಗದು, ಮಾರಾಟವೂ ಆಗದು. ಪೌತಿ ಖಾತೆಗೆಂದು ಮರಣ ಪ್ರಮಾಣಪತ್ರ, ವಂಶವೃಕ್ಷಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಾಡಕಚೇರಿಗೆ ಅಲೆಯುವವಳೂ ಮನೆಯಾಕೆಯೇ.

ಇನ್ನು ಹೆಣ್ಣುಮಕ್ಕಳ ವಿಷಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಮ್ಮ ಊರುಗಳಲ್ಲಿ ನಡೆಯುವುದೇನು? ಹಬ್ಬಕ್ಕೆಂದು ತವರಿಗೆ ಕರೆಸುತ್ತಾರೆ. ಅರಿಶಿನ–ಕುಂಕುಮ, ಸೀರೆ ಕೊಟ್ಟು, ಮಾರನೆಯ ದಿನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುತ್ತಾರೆ. ಹಕ್ಕು ಬಿಡುಗಡೆ ಪತ್ರದಲ್ಲಿ ಏನಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ಕ್ಯಾಮೆರಾದ ಮುಂದೆ ಕೂರಿಸಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಒಲ್ಲೆ ಎಂದರೆ ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆಗೆ ಅವಳು “ನಂಗೇನೂ ಬೇಡ ಕಣಣ್ಣ” ಎನ್ನುತ್ತಾಳೆ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿರುತ್ತಾನೆ. ಹಿರಿಯರೇ, ಆ ಬೆಂಚಿನಿಂದ ಏಳಿ. ನಿಮ್ಮ ಮೌನವನ್ನು ಮಗ ಒಪ್ಪಿಗೆ ಎಂದುಕೊಳ್ಳುತ್ತಾನೆ, ಮಗಳು ಮೋಸ ಎಂದುಕೊಳ್ಳುತ್ತಾಳೆ.

ಹಾಗೆಂದು ಪ್ರೀತಿ ಉಕ್ಕಿ ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರ ಮಾಡಿಕೊಟ್ಟು ಕೈತೊಳೆದುಕೊಳ್ಳಬೇಡಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದುಪಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಆದರೆ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣದಲ್ಲಿ, ಮಕ್ಕಳಿಗೆ ಆಸ್ತಿ ಬಿಟ್ಟುಕೊಟ್ಟ ತಾಯಿ ಸೋತರು. ಅಂಥ ಷರತ್ತು ಇತ್ತೆಂಬುದೇ ರುಜುವಾತಾಗಲಿಲ್ಲ. ಕೊಡಲೇಬೇಕಾಗಿ ಬಂದರೆ ಪತ್ರದಲ್ಲೇ ಷರತ್ತು ಬರೆಸಿ. ಅದಕ್ಕಿಂತ ಮೇಲು, ಉಸಿರಿರುವ ತನಕ ಮನೆ ನಿಮ್ಮ ಹೆಸರಿನಲ್ಲೇ ಇರಲಿ.

ಉಯಿಲು ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಮುಂದೆ ತಕರಾರು ಕಡಿಮೆ. ನಿಮ್ಮ ಸಹಿ, ಅದನ್ನು ಕಣ್ಣಾರೆ ಕಂಡು ಸಹಿ ಹಾಕುವ ಇಬ್ಬರು ಸಾಕ್ಷಿಗಳು, ಇಷ್ಟು ಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಆಸ್ತಿ ಪಡೆಯುವವರಾಗಿರುವುದು ಬೇಡ. ಮನಸ್ಸು ಬದಲಾದರೆ ಇನ್ನೊಂದು ಬರೆಯಿರಿ, ಕೊನೆಯದೇ ಊರ್ಜಿತ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಮರು ತಮ್ಮ ಕಾನೂನಿನ ಮೂರನೇ ಒಂದು ಭಾಗದ ಮಿತಿಯನ್ನು ತಿಳಿದುಕೊಂಡು ಬರೆಯಬೇಕು. ಮನೆಯಾಕೆಯ ವಾಸದ ಮಾತು ಮೊದಲ ಸಾಲಿನಲ್ಲೇ ಬರಲಿ.

ಆಸ್ತಿಗಷ್ಟೇ ಅಲ್ಲ, ದೇಹಕ್ಕೂ ನಿಮ್ಮ ಮಾತು ಬರೆದಿಡಿ. ಚೇತರಿಕೆಯ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಕೇ ಬೇಡವೇ ಎಂದು ಮೊದಲೇ ತಿಳಿಸುವ ಲಿವಿಂಗ್ ವಿಲ್‌ಗೆ 2018ರಲ್ಲಿ ಸುಪ್ರೀಂ ಕೋರ್ಟ್ ಮನ್ನಣೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿದರೆ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಐಸಿಯು ಬಾಗಿಲಲ್ಲಿ ನಿಂತ ಮಕ್ಕಳ ತಲೆಯ ಮೇಲೆ ಆ ತೀರ್ಮಾನದ ಭಾರ ಹೊರಿಸಬೇಡಿ.

ಮಕ್ಕಳೇ, ನಿಮಗೂ ಒಂದು ಮಾತು. ಉಯಿಲಿನ ಮಾತೆತ್ತುವ ಮೊದಲು ಅಪ್ಪ ಅಮ್ಮನಿಗೆ ಏನು ಬೇಕು ಎಂದು ಕೇಳಿ. ಅಕ್ಕತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಹಿರಿಯರೇ, ಮುಂದಿನ ಹಬ್ಬಕ್ಕೆ ಎಲ್ಲರೂ ಬಂದಾಗ ಎಂದು ತಳ್ಳಬೇಡಿ, ಈ ತಿಂಗಳೇ ಕೂತು ಬರೆಯಿರಿ. ನಿಮ್ಮ ಮನೆಯಲ್ಲಿ ನ್ಯಾಯ ಮಾಡುವ ಅಧಿಕಾರ ಇವತ್ತಿಗೆ ನಿಮ್ಮ ಕೈಯಲ್ಲಿದೆ. ಅದನ್ನು ಕೋರ್ಟಿಗೆ ಬಿಟ್ಟು ಹೋಗಬೇಡಿ.