ಮಾರಿಕಣಿವೆಯ ಮಹಾರಾಣಿ

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಎರಡು ಗುಡ್ಡಗಳು ಒಂದನ್ನೊಂದು ಮುಟ್ಟಲು ಬಂದು ತಡೆದು ನಿಂತಂತಿರುವ ಕಣಿವೆಯೊಂದಿದೆ. ಹೊಸದುರ್ಗದ ಸೀಮೆಯನ್ನು ದಾಟಿ ಬರುವ ವೇದಾವತಿ ನದಿಗೆ ಅದೇ ದಾರಿ. ಅಲ್ಲಿಯ ಅಧಿದೇವತೆ ಕಣಿವೆ ಮಾರಮ್ಮ. ಆದುದರಿಂದ ಅಲ್ಲಿ ಕಟ್ಟಿದ ಅಣೆಕಟ್ಟು ಸುತ್ತಣ ಹಳ್ಳಿಗರಿಗೆ ಇಂದಿಗೂ ಮಾರಿಕಣಿವೆ. ಸರ್ಕಾರದ ಕಾಗದಪತ್ರಗಳಲ್ಲಿ ಮಾತ್ರ ಅದು ವಾಣೀವಿಲಾಸ ಸಾಗರ. ಒಂದೇ ನೀರಿಗೆ ದೇವಿಯ ಹೆಸರೊಂದು, ರಾಣಿಯ ಹೆಸರೊಂದು. ದೇವಿಯ ಮಹಿಮೆಯನ್ನು ಹೇಳಲು ಊರಿನಲ್ಲಿ ಯಾರೂ ಸಾಕು. ರಾಣಿ ಯಾರೆಂದು ಕೇಳಿದರೆ, ಮೈಸೂರಿನ ಮಹಾರಾಣಿಯವರೆಂಬಷ್ಟಕ್ಕೆ ಮಾತು ನಿಂತುಬಿಡುತ್ತದೆ.

ಆಕೆಯ ತವರಿನ ಹೆಸರು ಕೆಂಪನಂಜಮ್ಮಣ್ಣಿ. ಹುಟ್ಟಿದುದು 1866ರಲ್ಲಿ, ನಂಜನಗೂಡಿನ ಸಮೀಪದ ಕಳಲೆಯ ಅರಸು ಮನೆತನದಲ್ಲಿ. ಕಳಲೆಗೂ ಮೈಸೂರು ಅರಮನೆಗೂ ಹೆಣ್ಣು ಕೊಟ್ಟು ತರುವ ನಂಟು ಬಹು ಹಳೆಯದು. ನಂಟಸ್ತಿಕೆಯೊಡನೆ ಹಳೆಯದೊಂದು ಕಹಿಯೂ ಇತ್ತು: ಹದಿನೆಂಟನೆಯ ಶತಮಾನದಲ್ಲಿ ದಳವಾಯಿಗಳಾಗಿದ್ದ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಸೋದರರು ಅರಸರನ್ನು ಹೆಸರಿಗಷ್ಟೆ ಸಿಂಹಾಸನದ ಮೇಲೆ ಕೂರಿಸಿ ರಾಜ್ಯವನ್ನು ತಾವೇ ಆಳಿದರು. ಅದೇ ಮನೆತನದ ಹುಡುಗಿಯ ಕೈಗೆ ಮುಂದೊಂದು ದಿನ ಅದೇ ರಾಜ್ಯ ನ್ಯಾಯವಾಗಿಯೇ ಬಂದು ಸೇರಲಿತ್ತು.

ವಿವಾಹ ನಡೆದದ್ದು 1878ರ ಮೇ 26ರಂದು. ವಧುವಿಗೆ ಸುಮಾರು 12 ವರ್ಷ. ವರ ಚಾಮರಾಜೇಂದ್ರ ಒಡೆಯರಿಗೆ 15. ಮದುವೆಯ ಕಾಲವಾದರೂ ಎಂಥದು! ಧಾತು ಸಂವತ್ಸರದ ಮಹಾ ಬರಗಾಲ ಆಗತಾನೆ ಕಾಲ್ತೆಗೆಯುತ್ತಿತ್ತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಕ್ಕಿಳಿದಿತ್ತು. ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ಬರದ ಹೊಡೆತ ಇನ್ನೂ ಕ್ರೂರವಾಗಿತ್ತು. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಆ ವರ್ಷದ ಕಥೆಗಳನ್ನು ಕೇಳಿದವರಿಗೆ, ಹಿರಿಯೂರಿನ ಕಣಿವೆಗೆ ಅಣೆ ಹಾಕಬೇಕೆಂಬ ಹಂಬಲ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ವರನಿಗೆ ಆಗ ಪಟ್ಟವಿತ್ತೇ ಹೊರತು ರಾಜ್ಯವಿರಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಆಂಗ್ಲರು ಅದನ್ನು ತಮ್ಮ ಕಮಿಷನರುಗಳ ಕೈಯಲ್ಲಿಟ್ಟಿದ್ದರು. ಮುಮ್ಮಡಿಯವರು 1865ರಲ್ಲಿ ದತ್ತು ಸ್ವೀಕರಿಸಿದ ಬಾಲಕನೇ ಚಾಮರಾಜೇಂದ್ರರು. ದತ್ತಕಕ್ಕೆ ಒಪ್ಪಿಗೆ ಸಿಗುವುದೋ ಇಲ್ಲವೋ ಎಂಬ ಅನುಮಾನದಲ್ಲಿ ಬೆಳೆದ ಅರಸುಮಗ, ಅಂತಹವನ ಕೈಹಿಡಿದ ಹುಡುಗಿ. 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ತರುವಾಯ, ರಾಜ್ಯ ಅರಮನೆಗೆ ಮರಳಿ ಬಂದಿತು. ಅದೇ ವರ್ಷ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಹುಟ್ಟಿದಳು. 1884ರಲ್ಲಿ ಕೃಷ್ಣರಾಜ, 1888ರಲ್ಲಿ ನರಸಿಂಹರಾಜ. ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಇನ್ನಿಬ್ಬರು ಹೆಣ್ಣುಮಕ್ಕಳು. ಹೊರಗೆ ಪ್ರಜಾಪ್ರತಿನಿಧಿ ಸಭೆ, ರೈಲುದಾರಿ, ಶಾಲೆಗಳು. ಒಳಗೆ ಮಕ್ಕಳು, ಸಂಗೀತ, ವ್ರತ, ಹಬ್ಬ. ಆ ಹದಿಮೂರು ವರ್ಷಗಳ ಬಗ್ಗೆ ಅರಮನೆಯ ದಾಖಲೆಗಳಲ್ಲಿ ಮಹಾರಾಣಿಯವರ ಮಾತು ಬಹಳ ಕಡಿಮೆ. ಗಂಡನ ನೆರಳಿನಲ್ಲಿ ಸುಖವಾಗಿದ್ದ ಹೆಂಗಸರ ವಿಷಯದಲ್ಲಿ ಚರಿತ್ರಕಾರರು ಯಾವಾಗಲೂ ಮಿತಭಾಷಿಗಳು.

1894ರ ಚಳಿಗಾಲದಲ್ಲಿ ಮಹಾರಾಜರು ಉತ್ತರದೇಶದ ಪ್ರವಾಸಕ್ಕೆ ಹೊರಟು ಕಲ್ಕತ್ತೆಯನ್ನು ತಲಪಿದರು. ಅಲ್ಲಿ ಅವರಿಗೆ ಗಂಟಲಮಾರಿ ತಗುಲಿತು. ಡಿಸೆಂಬರ್ 28ರಂದು, 31 ವರ್ಷದ ಪ್ರಾಯದಲ್ಲಿಯೇ, ಅವರು ತೀರಿಕೊಂಡರು. ಅಂತ್ಯಕ್ರಿಯೆಯೂ ಅಲ್ಲಿಯೇ, ಕಾಳೀಘಾಟಿನ ಬಳಿಯ ಆದಿಗಂಗೆಯ ದಡದಲ್ಲಿ ನಡೆಯಿತು. ಮೈಸೂರಿನ ಅರಸರ ನೆನಪಿಗೆ ಆ ದೂರದ ದಡದಲ್ಲಿ ಗುಡಿಯೊಂದು ನಿಂತಿತು. ಮಹಾರಾಣಿಯವರಿಗೆ ಆಗ 28 ವರ್ಷ. ಮದುವೆಯಾಗಿ 16 ವರ್ಷ ಕಳೆದಿತ್ತು. ಪಟ್ಟಕ್ಕೆ ಬರಬೇಕಾದ ಮಗನಿಗೆ ಹತ್ತು.

ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ಇನ್ನೊಬ್ಬ ರಾಣಿಯ ನೆನಪಾಗದಿರದು. ಒಂದನೆಯ ಎಡ್ವರ್ಡನ ಮಡದಿ, ಕಾಸ್ಟೀಲ್ ದೇಶದ ಎಲಿನಾರಳೂ ಹೀಗೆಯೇ ಎಳೆಯ ವಯಸ್ಸಿನಲ್ಲಿ, 1254ರಲ್ಲಿ, ಮದುವೆಯಾದವಳು. ಗಂಡನೊಡನೆ ಪವಿತ್ರಭೂಮಿಯ ಯುದ್ಧಯಾತ್ರೆಗೂ ಹೋಗಿಬಂದವಳು. 1290ರಲ್ಲಿ ಅವಳು ಲಿಂಕನ್ ಪಟ್ಟಣದ ಬಳಿ ಕಣ್ಣುಮುಚ್ಚಿದಾಗ, ದೊರೆ ಅವಳ ಪಾರ್ಥಿವಶರೀರವನ್ನು ವೆಸ್ಟ್‌ಮಿನ್‌ಸ್ಟರಿಗೆ ತರಿಸಿದನು. ದಾರಿಯಲ್ಲಿ ಮೆರವಣಿಗೆ ರಾತ್ರಿ ತಂಗಿದ ಹನ್ನೆರಡು ಕಡೆಗಳಲ್ಲಿ ಹನ್ನೆರಡು ಶಿಲುಬೆಗಂಬಗಳನ್ನು ಕಡೆಸಿ ನಿಲ್ಲಿಸಿದನು. ಲಂಡನ್ನಿನ ಚೇರಿಂಗ್ ಕ್ರಾಸ್ ಎಂಬ ಸ್ಥಳನಾಮ ಅಂತಹ ಕೊನೆಯ ಕಂಬದಿಂದ ಬಂದದ್ದು. ಅಲ್ಲಿ ಹೆಂಡತಿ ಅಗಲಿದಳು, ಉಳಿದ ದೊರೆ ಕಲ್ಲು ನೆಡಿಸಿದನು. ಇಲ್ಲಿ ಅಗಲಿದವನು ದೊರೆ. ಉಳಿದವಳಿಗೆ ಶೋಕಕ್ಕೆ ಬಿಡುವೇ ಸಿಗಲಿಲ್ಲ. ರಾಜ್ಯ ಎದುರಿಗೆ ಬಂದು ನಿಂತಿತು.

1895ರ ಫೆಬ್ರವರಿ 1ರಂದು ಬಾಲಕ ಕೃಷ್ಣರಾಜರಿಗೆ ಪಟ್ಟವಾಯಿತು. ಅವರು ಪ್ರಾಪ್ತವಯಸ್ಕರಾಗುವವರೆಗೆ ತಾಯಿ ರೀಜೆಂಟರಾಗಿ ರಾಜ್ಯಭಾರ ಮಾಡಬೇಕು, ದಿವಾನ್ ಶೇಷಾದ್ರಿ ಅಯ್ಯರವರ ಅಧ್ಯಕ್ಷತೆಯ ಮಂಡಲಿ ನೆರವಾಗಬೇಕು ಎಂದು ಏರ್ಪಾಡಾಯಿತು. ಅರಮನೆಯ ರೂಢಿಯಂತೆ ಅವರಿಗಿದ್ದ ಗೌರವನಾಮ ವಾಣೀವಿಲಾಸ ಸನ್ನಿಧಾನ. ಇನ್ನು ಮುಂದೆ ರಾಜ್ಯದ ಆಜ್ಞೆಗಳೆಲ್ಲ ಆ ಹೆಸರಿನ ಆಶ್ರಯದಲ್ಲಿ ಹೊರಡತೊಡಗಿದವು.

ಈ ಏಳು ವರ್ಷಗಳು ಸುಲಭದ ವರ್ಷಗಳಾಗಿರಲಿಲ್ಲ. 1897ರಲ್ಲಿ ಹಿರಿಯ ಮಗಳ ಮದುವೆ. ವರ ಬೇರೆ ಯಾರೂ ಅಲ್ಲ, ಮಹಾರಾಣಿಯವರ ಸ್ವಂತ ಸೋದರ, ಮುಂದೆ ವಿಶ್ವೇಶ್ವರಯ್ಯನವರ ಅನಂತರ ದಿವಾನರಾದ ಕಾಂತರಾಜ ಅರಸರು. ಸೋದರಮಾವನಿಗೆ ಹೆಣ್ಣು ಕೊಡುವುದು ಅಂದಿನ ಮನೆಗಳಲ್ಲಿ ಹೊಸತೇನಲ್ಲ. ಆ ಮದುವೆಯ ಸಡಗರದ ನಡುವೆಯೇ ಬೆಂಕಿ ಬಿದ್ದು, ಮರದ ಕೆತ್ತನೆಗೆ ಹೆಸರಾಗಿದ್ದ ಹಳೆಯ ಅರಮನೆ ಸುಟ್ಟುಹೋಯಿತು. ಮಗಳ ಮದುವೆಯ ಮನೆಯೇ ಕಣ್ಣೆದುರು ಉರಿದ ತಾಯಿ, ಅದೇ ವರ್ಷ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. ಮರುವರ್ಷ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಜನ ಮನೆಮಠ ಬಿಟ್ಟು ಬಯಲಿಗೆ ಓಡಿದರು.

ಅದೇ 1898ರಲ್ಲಿ ಮಾರಿಕಣಿವೆಯ ಅಣೆಯ ಕೆಲಸ ಮೊದಲಾಯಿತು.

ಅಣೆಕಟ್ಟಿನ ಯೋಜನೆ ಮಹಾರಾಣಿಯವರ ತಲೆಯಲ್ಲಿ ಹೊಳೆದದ್ದೆಂದು ಬರೆದರೆ ಅದು ಬರಿಯ ಭಟ್ಟಂಗಿತನವಾದೀತು. ಲೆಕ್ಕ ಹಾಕಿದವರು ಎಂಜಿನಿಯರುಗಳು. ಬೆನ್ನು ಹಿಡಿದು ಕೆಲಸ ನಡೆಸಿದವರು 1883ರಿಂದಲೂ ದಿವಾನಗಿರಿಯಲ್ಲಿದ್ದ ಶೇಷಾದ್ರಿ ಅಯ್ಯರವರು. ಆದರೆ ಸುಟ್ಟ ಅರಮನೆಗೂ, ಪ್ಲೇಗಿನ ವೆಚ್ಚಕ್ಕೂ, ಕಾವೇರಿಯ ಶಿವನಸಮುದ್ರದ ವಿದ್ಯುತ್ತಿಗೂ ಬೊಕ್ಕಸ ಬಾಯ್ದೆರೆಯಬೇಕಾಗಿದ್ದ ಹೊತ್ತಿನಲ್ಲಿ, ಮಳೆಯೇ ಅಪರೂಪವಾದ ಸೀಮೆಯ ಒಂದು ನದಿಗೆ ಇಂತಹ ಭಾರಿ ಕಟ್ಟಡ ಬೇಡವೆಂದು ಹೇಳಿಬಿಡುವುದು ಬಹು ಸುಲಭವಾಗಿತ್ತು. ರಾಜ್ಯದ ಸರ್ವಾಧಿಕಾರ ಕೈಯಲ್ಲಿದ್ದ ವಿಧವೆ ಹಾಗೆ ಹೇಳಲಿಲ್ಲ.

ಕಟ್ಟಡವೂ ಅಲ್ಪಸ್ವಲ್ಪದ್ದಲ್ಲ. ಉದ್ದ 1,330 ಅಡಿ, ಎತ್ತರ 142 ಅಡಿ. ಕಲ್ಲು ಗಾರೆಗಳ ಈ ಗೋಡೆ ಹಿಡಿದಿಡಬಲ್ಲ ನೀರು 30 ಟಿ.ಎಂ.ಸಿ. ಮಗನ ಹೆಸರಿನ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಗುವುದಕ್ಕೆ ಮೊದಲೇ, 1907ರಲ್ಲಿ, ತಾಯಿಯ ಹೆಸರಿನ ಸಾಗರ ಕಟ್ಟಿ ಮುಗಿದಿತ್ತು. ಪ್ರವಾಸಿಗರ ದಂಡು ಮಾತ್ರ ಮಗನ ಕಡೆಗೇ.

ಕಟ್ಟಿ ಮುಗಿದಾಗ ಅಧಿಕಾರ ತಾಯಿಯ ಕೈಯಲ್ಲಿರಲಿಲ್ಲ. 1901ರಲ್ಲಿ ಶೇಷಾದ್ರಿ ಅಯ್ಯರವರು ನಿವೃತ್ತರಾಗಿ ಕೆಲವೇ ತಿಂಗಳಲ್ಲಿ ತೀರಿಕೊಂಡರು. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಪ್ರಭುಗಳ ಸಮ್ಮುಖದಲ್ಲಿ 18 ವರ್ಷದ ಕೃಷ್ಣರಾಜ ಒಡೆಯರು ರಾಜ್ಯಭಾರವನ್ನು ವಹಿಸಿಕೊಂಡರು. ಕಳಲೆಯ ದಳವಾಯಿಗಳು ಒಮ್ಮೆ ಹಿಡಿದ ಅಧಿಕಾರವನ್ನು ತಾವಾಗಿ ಬಿಟ್ಟವರಲ್ಲ. ಕಳಲೆಯ ಮಗಳು ಗೊತ್ತಾದ ದಿನ, ಗೊತ್ತಾದ ರೀತಿಯಲ್ಲಿ, ಅದನ್ನು ಮಗನ ಕೈಯಲ್ಲಿಟ್ಟು ಒಳಗೆ ಹೋದರು. ಆಗ ಅವರಿಗೆ 36 ವರ್ಷ. ಮುಂದೆ ಇನ್ನೂ 32 ವರ್ಷ ಬದುಕಿದರು. ಆ ವರ್ಷಗಳಲ್ಲಿ ಸಂತೋಷಕ್ಕಿಂತ ದುಃಖವೇ ಅವರನ್ನು ಹೆಚ್ಚಾಗಿ ಹುಡುಕಿಕೊಂಡು ಬಂದಿತೆನ್ನಬೇಕು. ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ತುತ್ತಾದರು. ಮೈಸೂರಿನ ಕ್ಷಯ ಚಿಕಿತ್ಸಾಲಯ ಆಕೆಯ ಹೆಸರನ್ನು ಹೊತ್ತಿತು.

ಇತ್ತ ಅಣೆಕಟ್ಟಿನ ವಿಷಯ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ, ಆವತಿ ಎಂಬ ಹೊಳೆಗಳು ಕೂಡಿ ವೇದಾವತಿ. ಬೆಟ್ಟದ ತಪ್ಪಲಿನಲ್ಲಿಯೇ ಅಯ್ಯನಕೆರೆ, ಮದಗದ ಕೆರೆಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಕಡೂರು, ಹೊಸದುರ್ಗಗಳ ಸಣ್ಣಪುಟ್ಟ ಕೆರೆಗಳು ಉಳಿದುದರಲ್ಲಿ ಕೈಯಿಕ್ಕುತ್ತವೆ. ಮಿಕ್ಕದ್ದು ಮಾರಿಕಣಿವೆಗೆ. ಹೀಗಾಗಿ ನೀರು ಬಂದರೂ, ಕೆಳಗಿನ ಗದ್ದೆತೋಟಗಳು ಹಸುರಾದರೂ, ಸಾಗರ ಮಾತ್ರ ತುಂಬಲಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, 26 ವರ್ಷ. ಇಷ್ಟು ದೊಡ್ಡ ಪಾತ್ರೆ ಯಾರಿಗೆ ಬೇಕಾಗಿತ್ತೆಂದು ಆಡಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

1933ರಲ್ಲಿ ಸಾಗರ ತುಂಬಿತು. ಅಣೆಗೆ ಬಾಗಿಲುಗಳಿಲ್ಲ, ತುಂಬಿದ ನೀರು ತಾನಾಗಿ ಕೋಡಿಯ ಮೇಲೆ ಹರಿಯಬೇಕು. ಆ ವರ್ಷ ಹರಿಯಿತು. ಮರುವರ್ಷ, 1934ರ ಜುಲೈ 7ರಂದು, ಮಹಾರಾಣಿಯವರು ದೈವಾಧೀನರಾದರು. ತಮ್ಮ ಹೆಸರಿನ ನೀರು ಕೋಡಿ ಬಿದ್ದ ಸುದ್ದಿ ಕಿವಿಗೆ ಬೀಳುವಷ್ಟು ಕಾಲ ಅವರು ಇದ್ದರು. ಆಮೇಲೆ ಆ ನೋಟ ಹಿರಿಯೂರಿನ ಎರಡು ಮೂರು ತಲೆಮಾರುಗಳಿಗೆ ದಕ್ಕಲಿಲ್ಲ.

ಈ ಒಣಸೀಮೆಯಲ್ಲಿ ನೀರಿಗೂ ಹೆಣ್ಣಿಗೂ ನಂಟು ಕಟ್ಟುವುದು ಹೊಸದಲ್ಲ. ಹೊಳಲ್ಕೆರೆಯ ಗಡಿಯಾಚೆ, ಚನ್ನಗಿರಿಯ ಸೀಮೆಯಲ್ಲಿರುವ ಸೂಳೆಕೆರೆಯನ್ನು ಶಾಂತವ್ವೆಯೆಂಬ ರಾಜಪುತ್ರಿ ಕಟ್ಟಿಸಿದಳೆಂದು ಕಥೆಯಿದೆ. ಅದರ ನೀರು ಹೊಳಲ್ಕೆರೆ, ಚಿತ್ರದುರ್ಗಗಳಿಗೂ ಹರಿಯುತ್ತದೆ. ಶಾಂತವ್ವೆಯದು ಕಥೆ, ವಾಣೀವಿಲಾಸರದು ದಾಖಲೆ, ಅಷ್ಟೇ ವ್ಯತ್ಯಾಸ. ಮೈಸೂರಿನ ಕುಡಿಯುವ ನೀರಿನ ಕಾರ್ಖಾನೆಗೂ ಇದೇ ಮಹಾರಾಣಿಯವರ ಹೆಸರು. ಬೆಂಗಳೂರಿನಲ್ಲಿ 1935ರಲ್ಲಿ ತೆರೆದ ಹೆಂಗಸರ, ಮಕ್ಕಳ ಆಸ್ಪತ್ರೆಗೂ ಅದೇ ಹೆಸರು.

89 ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ, ಸಾಗರ ಎರಡನೆಯ ಬಾರಿ ಕೋಡಿ ಬಿದ್ದಿತು. ಈ ಸಲ ಆಕಾಶದ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಎತ್ತಿ ಹರಿಸಿದ ನೀರೂ ಸೇರಿತ್ತು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗಳಿಂದ ಜನ ಮಕ್ಕಳುಮರಿಗಳೊಡನೆ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಹಿನ್ನೀರಿನ ಕಡೆಯ ಹೊಸದುರ್ಗದ ರೈತರಿಗೆ ಮಾತ್ರ ಅದು ಬರಿಯ ಹಬ್ಬವಾಗಲಿಲ್ಲ. ಅವರ ಹೊಲತೋಟಗಳಲ್ಲಿ ನೀರು ನಿಂತಿತ್ತು. ಒಂದೇ ಕೆರೆಯ ಎರಡು ದಡಗಳಿಗೆ ಸುಖ ಒಂದೇ ಬಗೆಯದಾಗಿರುವುದಿಲ್ಲ.

2025ರ ಜನವರಿಯಲ್ಲಿ ಸಾಗರ ಮತ್ತೊಮ್ಮೆ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸಿದರು. ಬಾಗಿನವೆಂದರೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಕೆಯ ಕಣಗಳನ್ನಿಟ್ಟು ಮುತ್ತೈದೆಗೆ ಕೊಡುವ ಕಾಣಿಕೆ. ತುಂಬಿದ ಹೊಳೆಯನ್ನು ಮುತ್ತೈದೆಯೆಂದು ಭಾವಿಸಿ ಅದಕ್ಕೂ ಕೊಡುತ್ತಾರೆ. ಕೆಂಪನಂಜಮ್ಮಣ್ಣಿಯವರ ಕಾಲದ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡವಳು ಬಾಗಿನವನ್ನು ಕೊಡುವಂತಿರಲಿಲ್ಲ, ತೆಗೆದುಕೊಳ್ಳುವಂತೆಯೂ ಇರಲಿಲ್ಲ. 28ರಲ್ಲಿ ಬಳೆ ತೆಗೆದಿಟ್ಟ ಆ ಮಹಾರಾಣಿಯ ಹೆಸರು ಹೊತ್ತ ನೀರಿಗೆ, ಕಣಿವೆ ಮಾರಮ್ಮನ ಗುಡಿಯ ಸಮೀಪದಲ್ಲಿ, ಮೊರದ ತುಂಬ ಹಸುರು ಬಳೆಗಳು ಇಳಿದವು.